ಕೋಲಾರ ಚಿನ್ನದ ಗಣಿಯಲ್ಲಿ ನಿಯಂತ್ರಣ ವಿದ್ಯೆ ಮತ್ತು ಉನ್ನತ ಶಿಕ್ಷಣ ನೀತಿ

ನಿಯಂತ್ರಣ ಎಂಜಿನಿಯರಿಂಗಿನ ಇತಿಹಾಸವನ್ನು ಸಾಮಾನ್ಯವಾಗಿ 1868ರಲ್ಲಿ ಮ್ಯಾಕ್ಸ್‌ವೆಲ್ ಗವರ್ನರುಗಳನ್ನು ಕುರಿತು ಬರೆದ ಪ್ರಬಂಧದಿಂದ ಆರಂಭಿಸಲಾಗುತ್ತದೆ. ಕರ್ನಾಟಕದ ಮಟ್ಟಿಗೆ ಅದನ್ನು ಕೆ.ಜಿ.ಎಫ್.ನ ಗಣಿಬಾಯಿಯಿಂದ ಆರಂಭಿಸುವುದು ಹೆಚ್ಚು ಉಚಿತವೆನಿಸುತ್ತದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಿತು. ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕವಲು ರೈಲು ಗಣಿಗೆ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಗಣಿಯನ್ನು ತಲುಪಿತು. ಅಷ್ಟು ದೂರದ ತಂತಿಯಲ್ಲಿ ಒತ್ತಡವನ್ನು ಹದದಲ್ಲಿ ಹಿಡಿಯುವುದೂ ನಿಯಂತ್ರಣವೇ.

ಆದರೆ ಈ ವಿದ್ಯೆಯ ನಿಜವಾದ ಪಾಠಶಾಲೆ ವೈಂಡರ್ ಮನೆ. ಚಾಂಪಿಯನ್ ರೀಫಿನ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಮೇಲೆ ಕುಳಿತ ಚಾಲಕನಿಗೆ ಪಂಜರ ಕಾಣದು. ಆಳಸೂಚಕದ ಮುಳ್ಳು, ಗಂಟೆಯ ಬಡಿತಗಳ ಎಣಿಕೆ, ಬ್ರೇಕಿನ ಮೇಲಿನ ಕೈ ಇವೇ ಅವನ ಕಣ್ಣು. ಭಾರ ಬಿದ್ದಾಗ ಉದ್ದನೆಯ ಹಗ್ಗ ಹಿಗ್ಗುವುದನ್ನೂ ಅವನು ಲೆಕ್ಕಕ್ಕೆ ಹಿಡಿಯಬೇಕು. ಸಂಕೇತ ಪಡೆದು, ವ್ಯತ್ಯಾಸ ಅಳೆದು, ತಿದ್ದುವ ಈ ಆವರ್ತವನ್ನೇ ಪಠ್ಯಪುಸ್ತಕ ಫೀಡ್‌ಬ್ಯಾಕ್ ಎನ್ನುತ್ತದೆ. ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಬೆರೆತ ಗಣಿಯಲ್ಲಿ ಗಂಟೆಯೇ ಎಲ್ಲರ ಸಮಾನ ಭಾಷೆ. ಒಂದು ಬಡಿತ ತಪ್ಪಿದರೆ ಪ್ರಾಣ ಹೋಗಬಹುದಿತ್ತು.

ಸರ್ಕಾರದ ನೀತಿ ಬೇರೆ ದಿಕ್ಕಿನಲ್ಲಿ ಸಾಗಿತು. 1909ರಲ್ಲಿ ವಿಜ್ಞಾನ ಸಂಸ್ಥೆ, 1917ರಲ್ಲಿ ಎಂಜಿನಿಯರಿಂಗ್ ಕಾಲೇಜು, ಎರಡೂ ಬೆಂಗಳೂರಿಗೇ ದೊರೆತವು. ಗಣಿಗೆ ಊರ್ಗಾಮಿನ ಸ್ಕೂಲ್ ಆಫ್ ಮೈನ್ಸಿನ ಡಿಪ್ಲೊಮಾ ಒದಗಿತು. ಖಾಸಗಿ ಕಾಲೇಜುಗಳ ಅಲೆಯೆದ್ದ 1980ರ ದಶಕದಲ್ಲಿ ಗೋಲ್ಡನ್ ವ್ಯಾಲಿ ತಾಂತ್ರಿಕ ಸಂಸ್ಥೆ (ಈಗಿನ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಸಂಸ್ಥೆ) ತಲೆಯೆತ್ತಿತು. ಕ್ಯಾಪಿಟೇಶನ್ ಶುಲ್ಕ ನಿಷೇಧದ ಶಾಸನವೂ ಅದೇ ದಶಕದ್ದು, 1984ರದು. ಶುಲ್ಕವನ್ನು ಕುರಿತು ನಡೆದಷ್ಟು ಚರ್ಚೆ ಪಠ್ಯವನ್ನು ಕುರಿತು ನಡೆಯಲಿಲ್ಲವೆನ್ನಬೇಕು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಬೀದರಿನ ಹುಡುಗನೂ ಊರ್ಗಾಮಿನ ಹುಡುಗಿಯೂ ಒಂದೇ 'ಕಂಟ್ರೋಲ್ ಸಿಸ್ಟಮ್ಸ್' ಪಠ್ಯ ಓದುವಂತಾಯಿತು. ಏಕರೂಪತೆಯಿಂದ ಗುಣಮಟ್ಟಕ್ಕೆ ಲಾಭವಾಗಿರಬಹುದು. ಪಕ್ಕದ ವೈಂಡರ್ ಮನೆಗೆ ಮಾತ್ರ ಆ ಪಠ್ಯದಲ್ಲಿ ಎಡೆಯಿರಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ರಾಷ್ಟ್ರೀಯ ಶಿಕ್ಷಣ ನೀತಿ 'ಲೋಕವಿದ್ಯೆ' ಎಂಬ ಮಾತನ್ನು ಬಳಸುವ ಹೊತ್ತಿಗೆ, 2020ರಲ್ಲಿ, ಇಲ್ಲಿಯ ಗಂಟೆ ನಿಂತು ಹತ್ತೊಂಬತ್ತು ವರ್ಷ ಕಳೆದಿತ್ತು. ಗಣಿಕಾರ್ಮಿಕರ ಮಕ್ಕಳು ಮಾರಿಕುಪ್ಪಂನಲ್ಲಿ ಮುಂಜಾನೆಯ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದರು.