ನಾಲ್ಕು ಗುಂಡಿಗಳ ಪೆಟ್ಟಿಗೆ

ಸಣ್ಣ ಪರದೆ, ಅದರ ಕೆಳಗೆ ನಾಲ್ಕು ದಪ್ಪ ಗುಂಡಿ. ಅಮೆರಿಕದ ಮಾಜಿ ಸೈನಿಕರ ಇಲಾಖೆ 2003ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭಿಸಿದ ಮನೆ ಆರೈಕೆ ಯೋಜನೆಯಲ್ಲಿ ಹೆಲ್ತ್ ಬಡ್ಡಿ ಎಂಬ ಈ ಪೆಟ್ಟಿಗೆ ಹಲವರ ಮನೆ ಸೇರಿತು. ದಿನವೂ ಪರದೆಯ ಮೇಲೆ ಆರೋಗ್ಯದ ಪ್ರಶ್ನೆಗಳು ಮೂಡುತ್ತಿದ್ದವು. ನಡುಗುವ ಬೆರಳೂ ಒತ್ತಬಹುದಾದ ಗುಂಡಿ, ಉತ್ತರ ಒಯ್ಯಲು ಮನೆಯ ಮಾಮೂಲಿ ಟೆಲಿಫೋನ್ ತಂತಿ, ಆ ತುದಿಯಲ್ಲಿ ಅದನ್ನು ಓದುವ ನರ್ಸ್. 17,025 ರೋಗಿಗಳ ಲೆಕ್ಕ 2008ರಲ್ಲಿ ಹೊರಬಂದಾಗ, ಆಸ್ಪತ್ರೆಗೆ ದಾಖಲಾಗುವುದು ಶೇ 19ರಷ್ಟು ತಗ್ಗಿತ್ತು.

ದೂರದಿಂದಲೇ ರೋಗಿಯನ್ನು ನೋಡುವ ಪ್ರಯತ್ನ ಇನ್ನೂ ಹಳೆಯದು. 1964ರಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿದ್ದ ಮನೋರೋಗ ಸಂಸ್ಥೆಗೂ 180 ಕಿ.ಮೀ. ದೂರದ ನಾರ್ಫೋಕ್ ಆಸ್ಪತ್ರೆಗೂ ಟಿ.ವಿ. ಸಂಪರ್ಕ ಏರ್ಪಟ್ಟಿತು. ಮುಂದೆ ಮಾಜಿ ಸೈನಿಕರ ಆಸ್ಪತ್ರೆಗಳೂ ಆ ಜಾಲ ಸೇರಿದವು. ಆದರೆ ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ ಎಳೆದ ತಂತಿ. ಹೊಲದಂಚಿನ ಮನೆಯ ಮುದುಕ ಮೊದಲು ಅಲ್ಲಿಗೆ ಹೋಗಲೇಬೇಕಿತ್ತು.

ಆಮೇಲೆ ರೋಗಿಯ ಮನೆಗೇ ವಿಡಿಯೊ ತಲುಪಿಸಲು ಹೊರಟಾಗ ಕಾನೂನು ಅಡ್ಡ ನಿಂತಿತು. ವೈದ್ಯರಿಗೆ ಪರವಾನಗಿ ಕೊಡುವುದು ಆಯಾ ರಾಜ್ಯ. ಗಡಿಯಾಚೆ ಮನೆಯಲ್ಲಿ ಕೂತ ರೋಗಿಯನ್ನು ವಿಡಿಯೊದಲ್ಲಿ ನೋಡಲು ಇಲಾಖೆಯ ವೈದ್ಯರೂ ಹಿಂಜರಿಯುತ್ತಿದ್ದರು. ಆ ಗಂಟು ಬಿಚ್ಚಿದ್ದು 2018ರಲ್ಲಿ.

ಅಷ್ಟರಲ್ಲಿ ಟೆಲಿಫೋನ್ ತಂತಿಯ ಕಾಲ ಮುಗಿದಿತ್ತು. ವಿಡಿಯೊಗೆ ವೇಗದ ಇಂಟರ್‌ನೆಟ್ ಬೇಕು. ಇಲಾಖೆಯಲ್ಲಿ ನೋಂದಾಯಿಸಿಕೊಂಡ ಹಳ್ಳಿಗಾಡಿನ ಮಾಜಿ ಸೈನಿಕರು ಸುಮಾರು 27 ಲಕ್ಷ, ಅರ್ಧಕ್ಕಿಂತ ಹೆಚ್ಚು ಮಂದಿ 65 ಅಥವಾ ಅದಕ್ಕೂ ಮೇಲಿನ ವಯಸ್ಸಿನವರು. ಹಳ್ಳಿಗಾಡಿನ ಈ ಮಾಜಿ ಸೈನಿಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಮನೆಯಲ್ಲಿ ಇಂಟರ್‌ನೆಟ್ ಬಳಸುವುದಿಲ್ಲ. ಇಲಾಖೆ ಸಿಮ್ ಹಾಕಿದ ಟ್ಯಾಬ್ಲೆಟ್‌ಗಳನ್ನು ಎರವಲು ಕೊಟ್ಟಿತು, ಸಿಗ್ನಲ್ ಸಿಗದ ಕಣಿವೆಯಲ್ಲಿ ಅವು ಕೆಲಸಕ್ಕೆ ಬರಲಿಲ್ಲ. ಇನ್ನು, ಗುಂಡಿನ ಸದ್ದು, ಹೆಲಿಕಾಪ್ಟರಿನ ಅಬ್ಬರಕ್ಕೆ ಕಿವಿ ಮಂದವಾದವರು ವಿಯೆಟ್ನಾಂ ಪೀಳಿಗೆಯಲ್ಲಿ ಬಹಳ. ಒಡೆದು ಬರುವ ಸ್ಪೀಕರ್ ಧ್ವನಿ ಅವರಿಗೆ ಹೇಗೆ ಕೇಳಿಸೀತು? ದೇಶಕ್ಕಾಗಿ ಕಿವಿ ಕಳೆದುಕೊಂಡವರನ್ನು ಪಾಸ್‌ವರ್ಡ್ ಮುಂದೆ ಒಂಟಿಯಾಗಿ ಕೂರಿಸುವುದು ನ್ಯಾಯವಲ್ಲ. ಕೋವಿಡ್ ಕಾಲದಲ್ಲಿ ವಿಡಿಯೊ ಭೇಟಿಗಳು ಏರಿದರೂ ಹಳ್ಳಿಯ ಹಿರಿಯರಲ್ಲಿ ಅನೇಕರು ನೆಚ್ಚಿಕೊಂಡದ್ದು ಬರೀ ಫೋನನ್ನೇ.

ಕೆನಡಾ ಗಡಿಗೆ ಹತ್ತಿರವಿರುವ ಮೊಂಟಾನಾದ ಯುರೇಕಾ ಪುಟ್ಟ ಊರು. ಇಲಾಖೆಯ ಕ್ಲಿನಿಕ್ ಇರುವ ಕ್ಯಾಲಿಸ್ಪೆಲ್‌ಗೆ ಅಲ್ಲಿಂದ ನೂರು ಕಿ.ಮೀ. ಮೀರಿದ ದಾರಿ, ಚಳಿಗಾಲದಲ್ಲಿ ಹಿಮ. 2019ರಲ್ಲಿ ಆ ಊರಿನ ಮಾಜಿ ಯೋಧರ ಸಂಘದ ಕಟ್ಟಡದಲ್ಲೇ ವಿಡಿಯೊ ಕೋಣೆಯೊಂದು ಸಿದ್ಧವಾಯಿತು: ಪರದೆ, ಕುರ್ಚಿ, ಮುಚ್ಚಿಕೊಳ್ಳಬಹುದಾದ ಬಾಗಿಲು. ಇಂಥ ಕೋಣೆಗಳಲ್ಲಿ ಸಂಪರ್ಕ ಜೋಡಿಸಿಕೊಡಲು ಒಬ್ಬ ಸಹಾಯಕರಿರುತ್ತಾರೆ. ಬಂದವರನ್ನು ಕೂರಿಸಿ, ಪರದೆಯಲ್ಲಿ ವೈದ್ಯರ ಮುಖ ಮೂಡಿದ ಮೇಲೆ ಅವರು ಬಾಗಿಲೆಳೆದುಕೊಂಡು ಹೊರಗೆ ಕಾಯುತ್ತಾರೆ.