ರಾಣಿ ರೂಪಾಯಿಯ ಚುಕ್ಕೆಗಳು

ನಮ್ಮ ಹೊಳಲಿನ ಹಳೇ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಇಡ್ತಾರೆ. ನಾನು ನೋಡಿದ ಬಹಳಷ್ಟರ ಮೇಲೆ ಒಂದೇ ಇಸವಿ, 1862. ಆ ಒಂದೇ ವರ್ಷ ಅಷ್ಟೊಂದು ಅಚ್ಚು ಹಾಕಿದರು ಅಂದ್ಕೋಬೇಡಿ.. 1874ರ ಇಸವಿಯ ನಾಣ್ಯ ಬರೋವರೆಗೂ ವರ್ಷ ವರ್ಷ ಅದೇ 1862 ಒತ್ತಿದರು!

ಮುಂಬಯಿ ಟಂಕಸಾಲೆಯವರು ಮಾತ್ರ ಇಸವಿಯ ಕೆಳಗೆ ಸಣ್ಣ ಚುಕ್ಕೆಗಳನ್ನಿಟ್ಟರು. ಕೆಲವು ಅಚ್ಚುಗಳಲ್ಲಿ ಮೇಲಿನ ಹೂವಿನ ಹತ್ತಿರವೂ ಇವೆ. ಆ ಚುಕ್ಕೆ ಎಣಿಸಿಯೇ ಸಂಗ್ರಾಹಕರು ಅಚ್ಚು ಯಾವ ಕಾಲದ್ದು ಅಂತ ಅಂದಾಜು ಮಾಡೋದು. ರಾಣಿಯ ಉಡುಪಿನ ಕುಸುರಿಯಲ್ಲೂ ಭೇದ ಇದೆ, ಅದಕ್ಕೆ ಭೂತಗನ್ನಡಿ ಬೇಕು ಬಿಡಿ.

ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಚುಕ್ಕೆ ಎಲ್ಲಿ ಉಳೀಬೇಕು? ಅಕ್ಕಸಾಲಿಗನಿಗಂತೂ ಎಲ್ಲವೂ 11.66 ಗ್ರಾಂ ಬೆಳ್ಳಿ, ಅಷ್ಟೇ. ಕಾಲ್ಗೆಜ್ಜೆಗೆ ಕರಗಿಸೋ ಮುಂಚೆ ಒಮ್ಮೆ ಎಣಿಸಿ ನೋಡಿ :-)