ಬ್ಯಾರನ್ನಿನ ಬೆಂಕಿಗೆ ಲಗಾಮು

ಮೈಸೂರಿನಿಂದ ಹುಣಸೂರಿನತ್ತ ಹೊರಟರೆ ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳು ಇಲವಾಲದ ಹೊತ್ತಿಗೆ ಹಿಂದೆ ಬೀಳುತ್ತವೆ. ಆ ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟುವ, ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಗೆ ಪ್ರೋಗ್ರಾಂ ಬರೆಯುವ ಹುಡುಗರನ್ನು ಬಿಳಿಕೆರೆಯಿಂದಾಚೆ ಏನಿದೆ ಎಂದು ಕೇಳಿದರೆ ತಂಬಾಕು, ಭತ್ತ, ಶುಂಠಿ ಎಂದಾರು. ತಮ್ಮ ವೃತ್ತಿಗೆ ಅಲ್ಲೇನು ಕೆಲಸ ಎಂಬುದು ಅವರಿಗೆ ಹೊಳೆಯುವುದಿಲ್ಲ. ನನ್ನನ್ನು ಕೇಳಿದರೆ, ಈ ವೃತ್ತಿಯ ಕಷ್ಟದ ಲೆಕ್ಕಗಳೆಲ್ಲ ಇರುವುದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲೇ.

ಇಲ್ಲಿ ಸ್ವಯಂಚಾಲನೆ ಶುರುವಾದದ್ದು ನೀರಿನಿಂದ. ಕೆ.ಆರ್.ನಗರದ ಕಡೆಗೆ ಹಿನ್ನೀರು ಚಾಚುವ ಕನ್ನಂಬಾಡಿ ಕಟ್ಟೆಗೆ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳು ಬಂದವು. ಅವು ಮೊದಲು ಕೆಲಸ ಮಾಡಿದ್ದು 1903ರಲ್ಲಿ, ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ. ನೀರು ಗೊತ್ತುಪಡಿಸಿದ ಮಟ್ಟ ಮೀರಿದರೆ ಗೇಟು ತಾನೇ ಏಳುತ್ತದೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ವಿದ್ಯುತ್ತಿಲ್ಲ, ತಂತಿಯಿಲ್ಲ, ಸೆನ್ಸರೂ ನೀರೇ, ಮೋಟರೂ ನೀರೇ. 1974ರಲ್ಲಿ ಎಚ್.ಡಿ.ಕೋಟೆಯ ಬೀಚನಹಳ್ಳಿ ಬಳಿ ಕಬಿನಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಮೋಟರಿನ ಕಾಲ ಬಂದಿತ್ತು. ಇಲ್ಲಿ ಗರಿಷ್ಠ ಮಟ್ಟ 2284 ಅಡಿ. ವಯನಾಡಿನಲ್ಲಿ ಮಳೆ ಜೋರಾದರೆ ಒಳಹರಿವು ನೋಡನೋಡುತ್ತ ಏರುತ್ತದೆ. ಆದರೂ ಗೇಟು ಎಷ್ಟು ಎತ್ತಬೇಕೆಂಬುದನ್ನು ಕೇವಲ ಯಂತ್ರಕ್ಕೆ ಬಿಡಲಾಗದು, ಕೆಳಗೆ ನಂಜನಗೂಡಿದೆ. ಮಾಡಬಹುದಾದದ್ದನ್ನೆಲ್ಲ ತಾನೇ ಮಾಡುವಂತೆ ಕಟ್ಟುವ ಚಪಲವನ್ನು ಎಂಜಿನಿಯರ್ ಹತೋಟಿಯಲ್ಲಿಟ್ಟುಕೊಳ್ಳಬೇಕಾದ ಜಾಗ ಇದು.

ಅತ್ತ ಅಮೆರಿಕದಲ್ಲಿ 1968ರಲ್ಲಿ ಜನರಲ್ ಮೋಟರ್ಸ್ ತನ್ನ ರಿಲೇಗಳ ಗೋಜಲಿಗೆ ಪರಿಹಾರ ಕೇಳಿತು. ಡಿಕ್ ಮಾರ್ಲಿ ಮತ್ತವರ ಜೊತೆಗಾರರು ಮೋಡಿಕಾನ್ 084 ಎಂಬ ಮೊದಲ ಪಿಎಲ್‌ಸಿ ಮಾಡಿಕೊಟ್ಟರು. ಅದರ ಸಂತತಿ ಇಂದು ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿಗಳವರೆಗೆ ಬಂದಿದೆ. ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಡೆ ಬಾಯ್ಲರಿನ ನೀರಿನ ಮಟ್ಟ ಕಾಯುವುದು ಪುಸ್ತಕದಲ್ಲಿರುವ ಕೆಲಸ. ಹರಳುಗಟ್ಟುವ ಪಾಕದ ಹದ ಮಾತ್ರ ಹೆಬ್ಬೆರಳು, ತೋರುಬೆರಳಿನ ನಡುವೆ ಎಳೆ ಎಳೆದು ನೋಡುವ ಪ್ಯಾನ್‌ಮನ್‌ಗಳದ್ದಾಗಿತ್ತು. ಸಾಲಿಗ್ರಾಮ, ಕೆ.ಆರ್.ನಗರದಂಥ ಭತ್ತದ ಸೀಮೆಯ ಗಿರಣಿಗೆ ಕಲರ್ ಸಾರ್ಟರ್ ಬಂದರೆ ಕಥೆ ಇನ್ನೂ ಸಲೀಸು. ಜಾರಿ ಬೀಳುವ ಕಾಳನ್ನು ಕ್ಯಾಮೆರಾ ನೋಡುತ್ತದೆ, ಕಪ್ಪು ಕಂಡರೆ ಗಾಳಿಯ ಒಂದು ಪುಟ್ಟ ಹೊಡೆತ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಸಿದ್ಧವಾಗಿ ಬರುವ ಯಂತ್ರ. ನಮ್ಮಂಥವರಿಗೆ ವೈರಿಂಗ್ ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ.

ಕೆಲಸ ಇರುವುದು ತಂಬಾಕು ಬೇಯಿಸುವ ಮನೆಯಲ್ಲಿ, ಬ್ಯಾರನ್ನಿನಲ್ಲಿ.

ಹೊಗೆಸೊಪ್ಪನ್ನು ಹೊಗೆ ತಾಗಿಸದೆ ಬಿಸಿಯಿಂದಷ್ಟೇ ಬೇಯಿಸಿ ಹಳದಿ ಮಾಡುವ ವಿದ್ಯೆ ಆಕಸ್ಮಿಕವಾಗಿ ಸಿಕ್ಕಿತಂತೆ. 1839ರಲ್ಲಿ ನಾರ್ತ್ ಕೆರೊಲಿನಾದ ಸ್ಲೇಡ್ ಕುಟುಂಬದ ಜಮೀನಿನಲ್ಲಿ ಸ್ಟೀಫನ್ ಎಂಬ ಗುಲಾಮ ರಾತ್ರಿ ನಿದ್ದೆಗೆ ಜಾರಿದ, ಎಚ್ಚರವಾದಾಗ ಆರುತ್ತಿದ್ದ ಬೆಂಕಿಗೆ ಇದ್ದಲು ಸುರಿದ, ಸೊಪ್ಪು ಬಂಗಾರದ ಬಣ್ಣಕ್ಕೆ ತಿರುಗಿತು ಎನ್ನುತ್ತಾರೆ. ನಮ್ಮಲ್ಲಿ ಹುಣಸೂರಿನ ಕೇಂದ್ರೀಯ ತಂಬಾಕು ಸಂಶೋಧನಾ ಕೇಂದ್ರ 1957ರಷ್ಟು ಹಳೆಯದು. 1975ರ ಕಾಯ್ದೆಯಿಂದ ಹುಟ್ಟಿದ ತಂಬಾಕು ಮಂಡಳಿ ಬಂದ ಮೇಲೆ ಬ್ಯಾರನ್ನಿಗೂ ಲೈಸೆನ್ಸು ಬಂತು.

ಬೇಯಿಸುವುದಕ್ಕೆ ಐದಾರು ದಿನ ಬೇಕು. ಮೊದಲು 35ರಿಂದ 40 ಡಿಗ್ರಿ ಸೆಲ್ಸಿಯಸ್, ತೇವ ಹಾಗೇ ಉಳಿಯಬೇಕು, ಎಲೆ ಹಣ್ಣಾಗಬೇಕು. ಆಮೇಲೆ ಕಿಂಡಿ ತೆರೆದು ಮೆಲ್ಲಗೆ ಏರಿಸುತ್ತ ಎಲೆ ಒಣಗಿಸಬೇಕು. ಕೊನೆಗೆ 70ರ ಆಸುಪಾಸಿನಲ್ಲಿ ನಡುದಂಟು. ಅವಸರಪಟ್ಟರೆ ಹಸಿರು ಹಾಗೇ ಕೂತುಬಿಡುತ್ತದೆ, ತೇವ ಇರುವಾಗಲೇ ಬಿಸಿ ಏರಿದರೆ ಎಲೆ ಕಂದುತ್ತದೆ. ಹರಾಜಿನಲ್ಲಿ ಎರಡಕ್ಕೂ ಬೆಲೆ ಇಳಿಯುತ್ತದೆ. ಇದನ್ನೆಲ್ಲ ಒಂದು ಥರ್ಮಾಮೀಟರು, ರಾತ್ರಿ ಎದ್ದು ಸೌದೆ ಹಾಕುವ ರೈತ ಮತ್ತು ಅವನ ಮೂಗು ನಿಭಾಯಿಸುತ್ತ ಬಂದಿವೆ.

ಇದಕ್ಕೆ ಕಂಟ್ರೋಲರ್ ಕೂರಿಸುವುದು ಸುಲಭ ಎನಿಸಬಹುದು: ಮೂರು ಹಂತ, ಗಂಟೆಗೆ ಇಷ್ಟು ಡಿಗ್ರಿ ಏರಿಕೆ. ತೊಡಕು ಬೆಂಕಿಯದು. ಗ್ಯಾಸ್ ಬರ್ನರಿಗೆ ವಾಲ್ವ್ ಇದೆ, ಸೌದೆಗೆ ಇಲ್ಲ. ನಮ್ಮ ಕಡೆ ಬೇಯಿಸುವ ಕಾಲವೇ ಮಳೆಗಾಲ, ಸೌದೆಯೂ ಹಸಿ. ಈಗ ಹಾಕಿದ ಕೊರಡಿನ ಬಿಸಿ ಬ್ಯಾರನ್ನಿನ ಮೇಲಿನ ಸಾಲಿಗೆ ತಲುಪುವುದು ಬಹಳ ತಡವಾಗಿ. ಅಷ್ಟರಲ್ಲಿ ಕಂಟ್ರೋಲರು ಇನ್ನೂ ಸಾಲದು ಎಂದುಕೊಂಡು ಬ್ಲೋವರ್ ಜೋರು ಮಾಡಿರುತ್ತದೆ. ತಾಪ ಗುರಿ ದಾಟಿ ಹೋಗುತ್ತದೆ. ಅದಕ್ಕೇ ಅನುಭವಸ್ಥರು ಇಲ್ಲಿ ಪಿಐಡಿಯನ್ನು, ಅಂದರೆ ಗುರಿಗೂ ಈಗಿನ ತಾಪಕ್ಕೂ ಇರುವ ಅಂತರ ನೋಡಿ ಬ್ಲೋವರ್ ಹೊಂದಿಸುವ ಲೆಕ್ಕವನ್ನು, ಮಂದವಾಗಿ, ತಾಳ್ಮೆಯಿಂದ ಹೊಂದಿಸುತ್ತಾರೆ. ಬ್ಲೋವರಿನ ವೇಗ ಬದಲಿಸಲು ವಿಎಫ್‌ಡಿ, ಕಿಂಡಿಗೆ ಸಣ್ಣ ಮೋಟರು, ಇಷ್ಟೇ ಸರಂಜಾಮು.

ಅದರಲ್ಲೂ ಒಂದು ಪುಟ್ಟ ಬತ್ತಿ ಎಲ್ಲವನ್ನೂ ಕೆಡಿಸಬಲ್ಲದು. ತೇವ ಅಳೆಯುವುದಕ್ಕೆ ಎರಡು ಸೆನ್ಸರು: ಒಂದು ಒಣಗಿದ್ದು, ಇನ್ನೊಂದಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ. ತೇವ ಹೆಚ್ಚಿದಷ್ಟೂ ಎರಡರ ತಾಪ ಹತ್ತಿರವಾಗುತ್ತದೆ. ಬತ್ತಿಯ ಡಬ್ಬಿಯಲ್ಲಿ ನೀರು ಮುಗಿದರೆ ಎರಡೂ ಒಂದೇ ತಾಪ ತೋರಿಸುತ್ತವೆ. ಒಳಗೆ ತೇವ ತುಂಬಿ ತುಳುಕುತ್ತಿದೆ ಎಂದು ಕಂಟ್ರೋಲರ್ ನಂಬಿ ಕಿಂಡಿ ತೆರೆಯುತ್ತದೆ. ಸೊಪ್ಪು ಹಣ್ಣಾಗುವ ಮೊದಲೇ ಹಸಿರಾಗಿ ಒಣಗುತ್ತದೆ. ಎರಡು ತಾಪಗಳ ಅಂತರ ದಿಢೀರನೆ ಸೊನ್ನೆಯಾದರೆ ಕಿಂಡಿ ಮುಟ್ಟದೆ ಗಂಟೆ ಬಾರಿಸು ಎಂದು ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಇಂಥ ಸಾಲು ಕಾಲೇಜಿನಲ್ಲಿ ಕಲಿಸುವ ಪಾಠವಲ್ಲ.

ಸೊಪ್ಪನ್ನು ಕಡ್ಡಿಗೆ ಕಟ್ಟದೆ ಒತ್ತಾಗಿ ತುಂಬಿ ಫ್ಯಾನಿನಿಂದ ಗಾಳಿ ನುಗ್ಗಿಸುವ ಬಲ್ಕ್ ಬ್ಯಾರನ್ ಅಮೆರಿಕದಲ್ಲಿ 1950ರ ದಶಕದ ಸಂಶೋಧನೆಯಿಂದ ಹುಟ್ಟಿದ್ದು. ಕೂಲಿಯಾಳು ಸಿಗದ ನಮ್ಮ ಊರುಗಳಿಗೂ ಅದರ ಬಗೆಯವು ಬಂದಿವೆ. ಕಟ್ಟುವ ಕೂಲಿ ಉಳಿಯಿತು, ಆದರೆ ಫ್ಯಾನ್ ನಿಂತರೆ ಒತ್ತಿ ತುಂಬಿದ ಸೊಪ್ಪು ಒಳಗೇ ಬೆವರಿ ಕೊಳೆಯುತ್ತದೆ. ಹಳ್ಳಿಗೆ ಮೂರು ಫೇಸ್ ಕರೆಂಟು ದಿನವಿಡೀ ಇರುವುದಿಲ್ಲವಾದ್ದರಿಂದ ಜನರೇಟರೂ ಯಂತ್ರದ ಭಾಗವೇ ಆಯಿತು. ಹಳೆಯ ಬ್ಯಾರನ್ನಿನಲ್ಲಿ ಕರೆಂಟು ಹೋದರೂ ಒಲೆ ಉರಿಯುತ್ತಿತ್ತು.

ತಂಬಾಕು ನಿಯಂತ್ರಣದ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿದ ಮೇಲೆ ಈ ಬೆಳೆ ಹಿಗ್ಗುವ ಕಾಲ ಮುಗಿಯಿತೆನ್ನಿ. ಸಾವಿರಗಟ್ಟಲೆ ಹೊಸ ಬ್ಯಾರನ್ ಏಳುವುದಿಲ್ಲವಾದ್ದರಿಂದ ದೊಡ್ಡ ಕಂಪನಿಗಳು ಇದಕ್ಕೆಂದೇ ಕಂಟ್ರೋಲರ್ ಮಾಡುವ ಆಸೆ ಇಟ್ಟುಕೊಂಡಿಲ್ಲ. ಇರುವ ಬ್ಯಾರನ್ನುಗಳಿಗೇ ಒಂದೊಂದಾಗಿ ಅಳವಡಿಸಬೇಕು. ಒಂದರ ಗೋಡೆ ಇಟ್ಟಿಗೆಯದು, ಇನ್ನೊಂದರದು ಮಣ್ಣಿನದು. ಒಂದರ ಬಾಗಿಲಲ್ಲಿ ಬಿಸಿ ಸೋರುತ್ತದೆ, ಇನ್ನೊಂದರ ಸೂರಿನಲ್ಲಿ. ಚಿಲ್ಕುಂದದ ಒಂದು ಬ್ಯಾರನ್ನಿಗೆ ಹೊಂದಿಸಿದ ಪಿಐಡಿ ಸಂಖ್ಯೆಗಳು ಪಕ್ಕದ ಹೊಲದ ಬ್ಯಾರನ್ನಿಗೆ ಒಗ್ಗುವುದಿಲ್ಲ. ಅಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಮತ್ತೆ ಮೊದಲಿನಿಂದ ಕೂರಬೇಕು.